ಬೀರೂರಲ್ಲಿ ಇಳಿಯದ ಹಾಡು

ನಮ್ಮ ಅಡುಗೆಮನೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ, ಒಂದು ಕಪ್ಪು ರಬ್ಬರ್ ಪಟ್ಟಿ ನೇತಾಡುತ್ತಿದೆ. ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಸಣ್ಣಗೆ ಕತ್ತರಿಸಿದ್ದು. ಯಾವ ಕೆಲಸಕ್ಕೂ ಬಾರದ್ದು. ಎರಡು ಸಲ ಕಸದ ಬುಟ್ಟಿಗೆ ಹಾಕಿದೆ. ಎರಡು ಸಲವೂ ನಮ್ಮನೆಯವರು ಅದನ್ನು ಹುಡುಕಿ ತೆಗೆದು, ತೊಳೆದು, ಮತ್ತೆ ಅಲ್ಲೇ ನೇತುಹಾಕಿದರು. ತೊಳೆದು ಅಂದೆ, ಗಮನಿಸಿ. ಈ ಮನುಷ್ಯ ತಾನು ಉಂಡ ತಟ್ಟೆ ತೊಳೆದದ್ದನ್ನು ನಾನು ಕಂಡಿಲ್ಲ.

ಮನೆಗೆ ಬಂದವರು ಇದೇನು, ಮಿಕ್ಸಿಯದಾ, ಹೊಲಿಗೆ ಮಿಷಿನ್ನಿನದಾ ಅಂತ ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ. ನಿಜ ಹೇಳಲು ಹೊರಟರೆ ರಾಕ್ ಬ್ಯಾಂಡಿನ ವಿಷಯ ಎತ್ತಬೇಕಾಗುತ್ತದೆ. ಕಡೂರಿನ ಕೊಬ್ಬರಿ ವ್ಯಾಪಾರದವರ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡು ರಾಕ್ ಬ್ಯಾಂಡಿನ ಮಾತೆತ್ತಿದರೆ ಬಂದವರು ಕಾಫಿ ಕುಡಿಯದೆ ಎದ್ದು ಹೋಗುತ್ತಾರೆ. ನೀವಿನ್ನೂ ಕೂತಿದ್ದೀರಿ, ಆದ್ದರಿಂದ ಹೇಳುತ್ತೇನೆ.

ನನ್ನ ತಮ್ಮ ಸೋಮುವಿನದು ಒಂದು ಬ್ಯಾಂಡು. ಹೆಸರು ಕೆಂಧೂಳು. ನಮ್ಮ ತವರು ತರೀಕೆರೆ. ಕೆಮ್ಮಣ್ಣುಗುಂಡಿ ಕಡೆಯಿಂದ ಇಳಿದು ಬರುವ ಗಾಡಿಗಳ ಚಕ್ರ ನೋಡಿ ಇಟ್ಟ ಹೆಸರಂತೆ. ಗಿಟಾರ್ ಬಾರಿಸುವವನು, ಹಾಡುವವನು, ಹಾಡು ಬರೆಯುವವನು ಎಲ್ಲ ಅವನೇ. ಡ್ರಮ್ಸ್ ಅವನ ಗೆಳೆಯ ಇಮ್ತಿಯಾಜನದು. ಅಭ್ಯಾಸ ನಡೆಯುತ್ತಿದ್ದುದು ಇಮ್ತಿಯಾಜನ ಮನೆ ಹಿಂದಿನ ಶೆಡ್ಡಿನಲ್ಲಿ. ಅವನ ಅಮ್ಮ ಮೊದಲು ದಖನಿಯಲ್ಲಿ ಬೈದು, ಆಮೇಲೆ ಕನ್ನಡದಲ್ಲಿ ಬೈದು, ಕೊನೆಗೆ ಎಲ್ಲರಿಗೂ ಟೀ ಕೊಡುತ್ತಿದ್ದರು. ಈಗ ಸೋಮು ಅಜ್ಜಂಪುರದಲ್ಲಿ ಕಾಲೇಜು ಮೇಷ್ಟ್ರು, ಭೌತಶಾಸ್ತ್ರ ಹೇಳಿಕೊಡುತ್ತಾನೆ. ವಾರವೆಲ್ಲ ಪಾಠ, ಭಾನುವಾರ ಬ್ಯಾಂಡು. ತಲೆ ಅರ್ಧ ಬೆಳ್ಳಗಾಗಿದೆ, ಇನ್ನೂ ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ಐದು ಆಲ್ಬಂ ಮಾಡಿದ್ದಾರೆ.

ಐದರಲ್ಲಿ ಮೊದಲನೆಯದೇ ಚೆನ್ನ, ಅಲ್ಲಿಂದ ಮುಂದೆ ಬರೀ ಇಳಿಜಾರು ಅನ್ನುವುದು ನಮ್ಮನೆಯವರ ತೀರ್ಮಾನ. ಹುಡುಗ ಬರೆಯುತ್ತ ಬರೆಯುತ್ತ ಕಲಿತಿದ್ದಾನೆ, ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಕೈ ಮೇಲು ಅನ್ನುವುದು ನನ್ನದು. ಬೇರೆ ಗಂಡ ಹೆಂಡಿರು ನಾದಿನಿ, ನೆಂಟರು, ಒಡವೆ ಅಂತ ಜಗಳವಾಡುತ್ತಾರೆ. ನಾವು ಮದುವೆಯಾದ ಲಾಗಾಯ್ತು ಇದೊಂದೇ ಜಗಳ ಆಡಿಕೊಂಡು ಬಂದಿದ್ದೇವೆ.

ನನ್ನ ಪಕ್ಷವನ್ನು ನಾನು ಹೇಳಿಬಿಡುತ್ತೇನೆ. ಮೊದಲನೆಯ ಆಲ್ಬಮ್ಮಿನಲ್ಲಿ ಏನಿತ್ತು? ಕರೆಂಟು ಹೋಯಿತು ಅಂತ ಒಂದು ಹಾಡು. ಬಸ್ಸಿನಲ್ಲಿ ಹುಡುಗಿ ಹತ್ತಿದಳು, ಇಳಿದಳು ಅಂತ ಒಂದು ಹಾಡು. ಪ್ರಾಸ ಸಿಕ್ಕರೆ ಸಾಕು, ಮಳೆಯ ಹಿಂದೆ ಕೊಳೆ, ಕೊಳೆಯ ಹಿಂದೆ ಬಳೆ. ಎರಡನೆಯದರಲ್ಲಿ ಪ್ರಾಸ ಕಡಿಮೆಯಾಯಿತು. ಮೂರನೆಯದರಲ್ಲಿ ದೊಡ್ಡ ದೊಡ್ಡ ಮಾತು ಬಂದವು, ಬಾಳು, ಶೂನ್ಯ, ಕತ್ತಲು. ಅದೊಂದು ಸ್ವಲ್ಪ ಜಾಸ್ತಿಯಾಯಿತು, ನನ್ನ ತಮ್ಮ ಅಂತ ನಾನು ಮುಚ್ಚಿಡುವುದಿಲ್ಲ. ನಾಲ್ಕನೆಯದು ಅವನ ಮದುವೆಯಾದ ಮೇಲೆ ಬರೆದದ್ದು, ಅದರಲ್ಲಿ ಶೂನ್ಯ ಹೋಗಿ ಹಾಲಿನ ಪ್ಯಾಕೆಟ್ಟು ಬಂತು. ಐದನೆಯದರಲ್ಲಿ ನಮ್ಮ ಅಪ್ಪನ ಕನ್ನಡಕದ ಮೇಲೆ ಒಂದು ಹಾಡಿದೆ, ಅದನ್ನು ಕೇಳಿದ ದಿನ ನಾನು ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದೆ. ಅದನ್ನು ಕೇಳಿ ನಮ್ಮನೆಯವರು ಅಂದದ್ದಿಷ್ಟೇ: ಚೆನ್ನಾಗಿದೆ, ಆದರೆ ಮೊದಲಿನ ಹಂಗಿಲ್ಲ.

ಮೊದಲಿನ ಹಂಗಿಲ್ಲ. ಈ ಮಾತು ನಮ್ಮ ಕಡೂರಿನ ನೀರಿನಲ್ಲೇ ಇದೆಯೋ ಏನೋ. ಹೋಟೆಲಿನ ದೋಸೆ ಮೊದಲಿನ ಹಂಗಿಲ್ಲ, ಸಂತೆಯ ಬದನೆಕಾಯಿ ಮೊದಲಿನ ಹಂಗಿಲ್ಲ, ಮಠದ ಪ್ರಸಾದದ ಪಾಯಸ ಮೊದಲಿನ ಹಂಗಿಲ್ಲ. ಮೊದಲು ಅಂದರೆ ಯಾವಾಗ ಅಂತ ಕೇಳಿದರೆ ಹೇಳುವವರಿಲ್ಲ. ಒಂದು ದಿನ ಊಟದ ನಡುವೆ ಇವರು ತಟ್ಟೆ ನೋಡಿಕೊಂಡು, ಹೊಸದರಲ್ಲಿ ಒಂದು ಬಸ್ಸಾರು ಮಾಡ್ತಿದ್ದೆಯಲ್ಲ, ಆ ಬಸ್ಸಾರಿನ ಮಜವೇ ಬೇರೆ ಅಂದರು. ಹೊಸದರಲ್ಲಿ ನನಗೆ ಬಸ್ಸಾರು ಮಾಡಲು ಬರುತ್ತಿರಲಿಲ್ಲ. ಮಾಡುತ್ತಿದ್ದವರು ನಮ್ಮತ್ತೆ. ಅತ್ತೆ ಪಕ್ಕದಲ್ಲೇ ಕೂತಿದ್ದರು, ಸೆರಗಿನಲ್ಲಿ ನಕ್ಕರು.

ಇವರ ಮಾತು ನನಗೊಬ್ಬಳಿಗೇ ತಾಕುವುದಾಗಿದ್ದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸೋಮುವಿಗೆ ತಾಕುತ್ತದೆ. ನನ್ನ ಮದುವೆಯಾದಾಗಿನಿಂದ ಅವನಿಗೆ ಭಾವ ಅಂದರೆ ಒಂದು ತೂಕ ಹೆಚ್ಚು. ನಮ್ಮ ಅಪ್ಪ ಗಿಟಾರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಕಾಲದಲ್ಲಿ, ಗೋಡೌನಿನಲ್ಲಿ ಚೀಲದ ಮೇಲೆ ಕೂರಿಸಿಕೊಂಡು, ಹಾಡೋ ನೋಡೋಣ ಅಂದವರು ಇವರೊಬ್ಬರೇ. ಅದಕ್ಕೇ ಪ್ರತಿ ಆಲ್ಬಂ ಮುಗಿದಾಗಲೂ ಬೆಂಗಳೂರಿನವರು ಏನಂದರು ಅನ್ನುವುದು ಅವನಿಗೆ ಮುಖ್ಯವಲ್ಲ. ನನಗೆ ಫೋನ್ ಮಾಡಿ, ಭಾವ ಏನಂದ್ರಕ್ಕಾ ಅಂತ ಕೇಳುತ್ತಾನೆ. ನಾನು ಚೆನ್ನಾಗಿದೆ ಅಂದರು ಅನ್ನುತ್ತೇನೆ. ಆಮೇಲೆ, ಅನ್ನುತ್ತಾನೆ. ಊಟ ಆಯ್ತಾ ಅಂತ ನಾನು ಮಾತು ತಿರುಗಿಸುತ್ತೇನೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು ನನ್ನದು.

ಈ ವರ್ಷ ಆರನೆಯದಕ್ಕೆ ಹಾಡುಗಳು ತಯಾರಾದವು. ಸೋಮು ಫೋನ್ ಮಾಡಿದ. ದನಿ ಎಂದಿನಂತಿರಲಿಲ್ಲ.

"ಅಕ್ಕಾ, ಈ ಸಲಾನೂ ಭಾವ ಅದೇ ಮಾತು ಅಂದ್ರೆ ಬಿಟ್ಬಿಡ್ತೀನಿ ಕಣೇ. ಸಿಟ್ಟಲ್ಲಿ ಹೇಳ್ತಿಲ್ಲ. ಮೊದಲನೇದು ಬರೆದಾಗ ನಂಗೆ ಏನೂ ಗೊತ್ತಿರಲಿಲ್ಲ. ಅದೇ ಚೆನ್ನಾಗಿದ್ರೆ, ಇಷ್ಟು ವರ್ಷ ನಾನು ಕಲ್ತಿದ್ದೇನು?"

ಗಿಟಾರನ್ನು ಇಮ್ತಿಯಾಜನ ಮಗಳಿಗೆ ಕೊಟ್ಟುಬಿಡುತ್ತಾನಂತೆ, ಮಾತಾಡಿಯೂ ಆಗಿದೆಯಂತೆ. ನಾನು ಫೋನಿಟ್ಟು ಹೋಗಿ ಇವರ ಎದುರು ನಿಂತು, ಈ ಸಲ ಹಾಡು ಹೇಗಾದರೂ ಇರಲಿ, ಚೆನ್ನಾಗಿದೆ ಅಂದು ಬಾಯಿ ಮುಚ್ಚಿಕೊಳ್ಳಿ ಅಂದೆ. ಇವರು ಬಹಳ ಶಾಂತವಾಗಿ, ಕೊಬ್ಬರಿ ವಿಷಯದಲ್ಲಿ, ಹಾಡಿನ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ ಅಂದರು. ಬಸ್ಸಾರಿನ ವಿಷಯದಲ್ಲಿ ಹೇಳಿದಿರಲ್ಲ ಅಂತ ಬಾಯಿಗೆ ಬಂತು, ನುಂಗಿದೆ.

ಇವರ ಈ ಧಿಮಾಕಿಗೆ ಮೂಲ ಇವರ ಕಿವಿ. ಸಿಂಗಟಗೆರೆ, ದೇವನೂರು ಕಡೆಯಿಂದ ಕಾಯಿ ತಂದು, ಅಟ್ಟದ ಮೇಲೆ ಹಾಕಿ, ನೀರು ಆರಿ ಉಂಡೆ ಕೊಬ್ಬರಿ ಆಗುವ ತನಕ ಕಾಯುವುದು ನಮ್ಮ ಮನೆಯ ಕಸುಬು. ಒಡೆಯದೆ ಒಳಗಿನದನ್ನು ತಿಳಿಯಬೇಕಾದರೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿನ ಸದ್ದು ಬಂದರೆ ಇನ್ನೂ ಹಸಿ. ಗುಡುಗುಡು ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ. ಇವರು ಒಂದು ಸಲ ಅಲ್ಲಾಡಿಸಿ, ಇದು ಕೆಟ್ಟಿದೆ ಅಂದರೆ ಒಡೆದು ನೋಡುವ ಅಗತ್ಯವಿಲ್ಲ. ಊರಿನಲ್ಲಿ ಅದಕ್ಕೆ ಬೆಲೆಯಿದೆ, ನಾನೂ ಒಪ್ಪುತ್ತೇನೆ. ಆದರೆ ಆ ಕಿವಿಯನ್ನೇ ತಂದು ನನ್ನ ತಮ್ಮನ ಹಾಡಿನ ಮೇಲೆ ಇಟ್ಟುಬಿಟ್ಟರು ನೋಡಿ, ಅಲ್ಲಿಂದ ಶುರುವಾಯಿತು ಕಷ್ಟ.

ಮೊದಲನೆಯ ಆಲ್ಬಂ ಬಂದದ್ದು ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನು ಹೊರತಂದವರು ಅಂಗಡಿ ಮುಚ್ಚಿಕೊಂಡು ಹೋದರು. ಸೀಡಿ ಆಗಲಿಲ್ಲ, ಮೊಬೈಲಿಗೂ ಬರಲಿಲ್ಲ. ಸೋಮುವಿನ ಹತ್ತಿರವೇ ಒಂದು ಪ್ರತಿ ಇಲ್ಲ. ನನ್ನದನ್ನು ಯಾರೋ ಕೇಳಲು ಒಯ್ದರು, ಒಯ್ದವರು ಕೊಡಲಿಲ್ಲ. ಉಳಿದದ್ದು ಇವರದೊಂದೇ. ಗೋಡೌನಿನಲ್ಲಿ, ತಕ್ಕಡಿಯ ಪಕ್ಕದ ಮಣೆಯ ಮೇಲೆ, ನಮ್ಮ ತವರಿನಿಂದ ಮದುವೆಗೆ ಬಂದ ಟೇಪ್ ರೆಕಾರ್ಡರಿನಲ್ಲಿ ಅದು ಹಾಡುತ್ತಲೇ ಇರುತ್ತದೆ. ಅತ್ತೆಯ ವಚನದ ಕ್ಯಾಸೆಟ್ ಒಂದು, ಇದೊಂದು. ಸೋಮು ಬಂದಾಗ ಮಾತ್ರ ಹಾಕುವಂತಿಲ್ಲ. ತನ್ನ ಹಳೆಯ ದನಿ ಕೇಳಲು ಅವನಿಗೆ ನಾಚಿಕೆ; ದಮ್ಮಯ್ಯ ಭಾವ, ಆರಿಸಿಬಿಡಿ ಅನ್ನುತ್ತಾನೆ.

ಇವರಿಗೆ ಅದರಲ್ಲೂ ಪ್ರಾಣದಂಥದ್ದು ಒಂದು ಹಾಡು. "ಬೀರೂರಲ್ಲಿ ಇಳೀಬೇಕಿತ್ತು, ನಿದ್ದೆ ಬಂತು, ಇಳೀಲಿಲ್ಲ" ಅಂತ ಶುರುವಾಗುತ್ತದೆ. ಇದು ನಡೆದ ಸಂಗತಿ. ಅಜ್ಜಂಪುರದಲ್ಲಿ ಸೋಮುವಿನ ಬ್ಯಾಂಡಿನ ಮೊಟ್ಟಮೊದಲ ಕಾರ್ಯಕ್ರಮ. ತರೀಕೆರೆಯಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಇಳಿದು, ಅಜ್ಜಂಪುರದ ಗಾಡಿ ಹಿಡಿಯಬೇಕು. ಹಿಂದಿನ ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದ ಹುಡುಗರು ಡ್ರಮ್ಸು ತಬ್ಬಿಕೊಂಡು ಮಲಗಿಬಿಟ್ಟರು. ಬೀರೂರು ಹೋಯ್ತು, ಕಡೂರೂ ಹೋಯ್ತು, ಕಣ್ಣು ಬಿಟ್ಟಾಗ ಅರಸೀಕೆರೆ. ಬೀರೂರಿನ ಪ್ಲಾಟ್‌ಫಾರಂ ಮೇಲೆ ಅವರ ಜೊತೆ ಹೋಗಲು ಕಾದು ನಿಂತವಳು ನಾನು. ಮದುವೆಯಾದ ಹೊಸದು, ಅತ್ತೆಯ ಹತ್ತಿರ ಹೇಗೋ ಒಪ್ಪಿಗೆ ಪಡೆದು, ಡಬ್ಬಿ ತುಂಬ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದೆ. ಫೋನಿಲ್ಲದ ಕಾಲ. ಬಂದ ಗಾಡಿಯಲ್ಲೆಲ್ಲ ಇಣುಕಿದೆ. ಕೊನೆಗೆ ಚಿತ್ರಾನ್ನವನ್ನು ಅಲ್ಲೇ ಕೂಲಿಯವರಿಗೆ ಹಂಚಿ ಬಸ್ಸು ಹಿಡಿದು ವಾಪಸ್ಸು ಬಂದೆ. ಮಲಗಿದವರ ಮೇಲೆ ಹಾಡಾಯಿತು. ಡಬ್ಬಿ ಹಿಡಿದು ನಿಂತವಳ ಮೇಲೆ ಯಾರೂ ಹಾಡು ಕಟ್ಟಲಿಲ್ಲ ಅಂತ ನಾನು ಎಷ್ಟೋ ಸಲ ಸೋಮುವನ್ನು ಛೇಡಿಸಿದ್ದೇನೆ.

ಸೋಮು ಅದನ್ನು ಬರೆದದ್ದು ತಮಾಷೆಗೆ. ಇವರು ಅದನ್ನು ಕೇಳಿ ಕಣ್ಣು ಮುಚ್ಚುತ್ತಿದ್ದರು. ಮನುಷ್ಯನ ಜೀವನಾನೇ ಅದರಲ್ಲಿದೆ ಕಣೇ, ಇಳಿಯೋ ಜಾಗದಲ್ಲಿ ಇಳಿಯಲಿಲ್ಲ ಅನ್ನೋದು ಸಾಮಾನ್ಯ ಮಾತಾ ಅನ್ನುತ್ತಿದ್ದರು. ಕಾಫಿ ಕೊಡಲು ಗೋಡೌನಿಗೆ ಹೋದಾಗ ನಾನೂ ಯಾಕೋ ಅದು ಮುಗಿಯುವ ತನಕ ಲೋಟ ಹಿಡಿದು ನಿಂತುಬಿಡುತ್ತಿದ್ದೆ. ತವರಿನ ನೆನಪು ಅಂದುಕೊಂಡಿದ್ದೆ. ಬ್ಯಾಂಡಿನವರು ಸ್ಟೇಜಿನ ಮೇಲೆ ಅದೇ ಹಾಡನ್ನು ಕುಣಿದು ಕುಪ್ಪಳಿಸಿ ಹೇಳಿದರೆ ಇವರು ಮುಖ ಸಿಂಡರಿಸಿ, ಜನ ನೋಡಿ ಗಾಬರಿಯಾಗಿ ಓಡಿಸ್ತಾನೆ ಅನ್ನುತ್ತಿದ್ದರು. ಪ್ರತಿ ಸಲವೂ ಅದೇ. ಹಾಡಿದ್ದೇ ಹಾಡೋ ಕಿಸುಬಾಯಿ ದಾಸ.

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಸೋಮು ಹೊಸ ಹಾಡುಗಳನ್ನು ಮೊಬೈಲಿನಲ್ಲಿ ಹಾಕಿಕೊಂಡು ಬಂದ. ಬರಿಗೈಯಲ್ಲಿ ಬರಲಿಲ್ಲ. ಟೇಪ್ ರೆಕಾರ್ಡರ್ ಕಿರುಗುಟ್ಟುತ್ತದೆ ಅಂತ ನಾನೊಮ್ಮೆ ಅಂದಿದ್ದೆ. ಅದಕ್ಕೆ ಎಲ್ಲಿಂದಲೋ ಕ್ಯಾಸೆಟ್ ತಿರುಗಿಸುವ ಹೊಸ ಬೆಲ್ಟ್ ತರಿಸಿದ್ದ. ಭಾವನ ಮನಸ್ಸು ಮೆತ್ತಗಾಗಲಿ ಅಂತ ಲಂಚ, ಇನ್ನೇನು. ಊಟ ಮುಗಿಸಿ ಗೋಡೌನಿಗೆ ಹೋದೆವು. ಸ್ಕ್ರೂ ಬಿಚ್ಚಿ ಹಿಂಬದಿ ತೆಗೆದ. ಒಳಗಿನಿಂದ ಆ ಸೈಕಲ್ ಟ್ಯೂಬಿನ ಪಟ್ಟಿ ಹೊರಬಂತು.

ಇದೇನು ಅಂದ. ಇವರು ಹೆಮ್ಮೆಯಿಂದ ಹೇಳಿದರು. ಮದುವೆಯಾಗಿ ಕೆಲವೇ ತಿಂಗಳಿಗೆ ಕಂಪನಿ ಬೆಲ್ಟು ಹರಿಯಿತಂತೆ. ಮಾವನ ಮನೆಯಿಂದ ಬಂದದ್ದು ಇಷ್ಟು ಬೇಗ ಕೆಟ್ಟಿತು ಅಂತ ತೋರಿಸಿಕೊಳ್ಳುವುದು ಬೇಡ ಅಂತ, ಯಾರಿಗೂ ಹೇಳದೆ ಟ್ಯೂಬ್ ಕತ್ತರಿಸಿ ಹಾಕಿದರಂತೆ. ಹರಿದಾಗಲೆಲ್ಲ ಅದೇ ಅಳತೆಗೆ ಇನ್ನೊಂದು. ತವರಿನ ಮರ್ಯಾದೆ ಕಾಯಲು ಮಾಡಿದ ಕೆಲಸ, ಅದಕ್ಕೆ ನಾನು ಏನು ಹೇಳಲಿ. ಸೋಮು ಪಟ್ಟಿಯನ್ನು ಎಳೆದು ನೋಡಿದ. ಹೊಸ ಬೆಲ್ಟ್ ಹಾಕಿ, ಇವತ್ತೊಂದು ದಿನ ನಾನೂ ಕೇಳ್ತೀನಿ ಅಂದು ಕ್ಯಾಸೆಟ್ ಒತ್ತಿದ.

ಬೀರೂರಿನ ಹಾಡು ಶುರುವಾಯಿತು. ನೊಣ ಓಡಿಸುವ ಹುಡುಗರ ಹಾಗೆ ಟಕಟಕ ಡ್ರಮ್ಸು, ಅದರ ಮೇಲೆ ಕೀರಲು ದನಿಯಲ್ಲಿ ನನ್ನ ತಮ್ಮ. ಇಳೀಬೇಕಿತ್ತು ಅಂದ, ನಿದ್ದೆ ಬಂತು ಅಂದ, ಯಾರೋ ಹಿಂದಿನಿಂದ ನಕ್ಕರು, ಮುಗಿಯಿತು. ತರೀಕೆರೆಯ ಶೆಡ್ಡಿನಲ್ಲಿ ನಾನು ಕೇಳಿದ್ದ ಹಾಡು ಇದೇ. ಇವರು ಎದ್ದು ನಿಂತಿದ್ದರು.

"ಇದ್ಯಾರದು? ಮಿಷಿನ್ ಕೆಡಿಸ್ಬಿಟ್ಯಲ್ಲೋ, ಓಡ್ತಾ ಇದೆ."

"ಓಡ್ತಿಲ್ಲ ಭಾವ, ಇದೇ ಸರಿ. ನೀವು ಇಷ್ಟು ವರ್ಷ ಕೇಳಿದ್ದು ನಿಧಾನ. ಟ್ಯೂಬು ಜಾರ್ತಿತ್ತು."

ಇದರಲ್ಲೇ ರೇಡಿಯೋ ಸರಿಯಾಗಿ ಮಾತಾಡುತ್ತಿತ್ತಲ್ಲ ಅಂದರು ಇವರು. ರೇಡಿಯೋಗೆ ಬೆಲ್ಟ್ ಬೇಡ ಅಂದ ಸೋಮು. ಅತ್ತೆಯ ವಚನದ ಕ್ಯಾಸೆಟ್ ಹಾಕಿ ನೋಡಿದರು. ಬಾಗಿಲಲ್ಲಿ ಕೂತಿದ್ದ ಅತ್ತೆ, ಇವ್ರಿಗೇನೇ ಬಸ್ಸಿಗೆ ಹೊತ್ತಾಯ್ತಾ ಅಂದರು. ಇಷ್ಟು ವರ್ಷ ಅವರು ಜೊತೆಯಲ್ಲಿ ಹೇಳಿಕೊಳ್ಳಲು ಅನುಕೂಲವಾಗಲಿ ಅಂತ ಹಾಡಿನವರು ನಿಧಾನ ಹೇಳುತ್ತಾರೆ ಅಂದುಕೊಂಡಿದ್ದರಂತೆ.

ನನಗೆ ಮೈಯೆಲ್ಲ ಉರಿಯಿತು, ನಗುವೂ ಬಂತು. ಕಾಯಿ ಅಲ್ಲಾಡಿಸಿ ಒಳಗಿನ ಕೊಳೆ ಹೇಳುವ ಕಿವಿಗೆ, ಕಟ್ಟಿಕೊಂಡ ಹೆಂಡತಿಯ ತಮ್ಮನ ದನಿ ಯಾವುದು ಅಂತ ಗೊತ್ತಾಗಲಿಲ್ಲ. ನನ್ನ ಅರ್ಧ ಆಯುಸ್ಸು ಈ ಜಗಳದಲ್ಲಿ ಕಳೆದೆನಲ್ಲ, ಅದೂ ಇಲ್ಲದ ಒಂದು ಆಲ್ಬಮ್ಮಿನ ಮೇಲೆ. ಹಾಗೆಂದು ಬಾಯಿಬಿಟ್ಟು ಅಂದೂಬಿಟ್ಟೆ. ಇವರು ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮೊದಲನೆಯ ಸಲ, ಪಾಪ ಅನ್ನಿಸಿತು. ಜಗಳದಲ್ಲಿ ನಾನು ಗೆದ್ದಿದ್ದೆ, ಆದರೆ ಗೆದ್ದ ಹಾಗೆ ಇರಲಿಲ್ಲ. ಇವರ ಹಾಡು ಇವರ ಕಣ್ಣೆದುರಿಗೇ ಇಲ್ಲವಾಗಿತ್ತು.

ಸೋಮುವೂ ಅವರ ಮುಖ ನೋಡಿದ. ನಾನಾಗಿದ್ದರೆ ಅಷ್ಟು ವರ್ಷದ ಸೇಡು ಅಲ್ಲೇ ತೀರಿಸಿಕೊಳ್ಳುತ್ತಿದ್ದೆ. ಅವನು ಮತ್ತೆ ಸ್ಕ್ರೂ ಬಿಚ್ಚಿದ. ಹೊಸ ಬೆಲ್ಟ್ ತೆಗೆದು ಆ ಸೈಕಲ್ ಟ್ಯೂಬಿನ ಪಟ್ಟಿಯನ್ನೇ ಹಾಕಿ, ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಭಾವನ ಪಕ್ಕ ಚೀಲದ ಮೇಲೆ ಕೂತ.

ದಪ್ಪನೆಯ, ದಣಿದ ದನಿ ಬಂತು. ಒಂದೊಂದು ಮಾತೂ ಕೆಳಗಿಟ್ಟು ಮುಂದಿನದನ್ನು ಎತ್ತಿಕೊಳ್ಳುವ ಹಾಗೆ. ಇಳಿಯಬೇಕಿತ್ತು. ನಿದ್ದೆ ಬಂತು. ಇಳಿಯಲಿಲ್ಲ. ಹಿಂದಿನಿಂದ ಯಾರೋ ನಕ್ಕದ್ದು ಇಲ್ಲಿ ನಿಟ್ಟುಸಿರಿನ ಹಾಗೆ ಕೇಳಿಸಿತು. ಸೋಮು ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದ. ಆರಿಸಿ ಅನ್ನಲಿಲ್ಲ.

"ಇದನ್ನ ನಾನು ಬರ್ದೇ ಇಲ್ಲ ಭಾವ," ಅಂದ. "ಇಂಥದ್ದೊಂದು ಬರೀಬೇಕು ಅಂತಾನೇ ಆಮೇಲಿನ ನಾಲ್ಕೂ ಮಾಡಿದ್ದು."

ಗಂಡಸರು ಹೀಗೆ ಚೀಲದ ಮೇಲೆ ಕೂತರೆ ಸಂಜೆಯಾದರೂ ಏಳುವುದಿಲ್ಲ ಅಂತ ನನಗೆ ಗೊತ್ತು. ಬಂದ ಕೆಲಸ ಏನಾಯಿತು, ಹೊಸ ಹಾಡು ಹಾಕೋ ಅಂದೆ. ಇವತ್ತು ಬೇಡ ಅಕ್ಕ ಅಂದ. ಇವತ್ತೇ ಹಾಕಬೇಕು ಅಂತ ಮೊಬೈಲ್ ಕಿತ್ತುಕೊಂಡು ನಾನೇ ಒತ್ತಿದೆ. ಗಿಟಾರ್ ಅವನ ಕೈ ತಪ್ಪುವುದಿದ್ದರೆ ನನ್ನ ಕಣ್ಣೆದುರಿಗೇ ತಪ್ಪಲಿ, ಫೋನಿನಲ್ಲಿ ಬೇಡ ಅನ್ನಿಸಿತ್ತು.

ಗದ್ದಲವಿಲ್ಲದ ಹಾಡು. ಇಮ್ತಿಯಾಜ್ ಡ್ರಮ್ಸನ್ನು ಬೆರಳಿನಲ್ಲಿ ಮುಟ್ಟಿದಷ್ಟೇ ಸದ್ದು. "ಗಾಡಿ ಬಂತು, ಗಾಡಿ ಹೋಯ್ತು, ಇಳಿಯೋರೆಲ್ಲ ಇಳಿದ್ರು" ಅಂತ ಶುರುವಾಯಿತು. ಒಬ್ಬಳು ಬೀರೂರಿನ ಪ್ಲಾಟ್‌ಫಾರಂ ಮೇಲೆ ನಿಂತಿದ್ದಾಳೆ. ಕೈಯಲ್ಲಿ ಡಬ್ಬಿ, ಡಬ್ಬಿ ಇನ್ನೂ ಬಿಸಿಯಿದೆ. ಮುಂದಿನ ಗಾಡಿಗೆ ಬಂದಾನು ಅಂದುಕೊಳ್ಳುತ್ತಾಳೆ. ಡಬ್ಬಿ ಆರುತ್ತದೆ. ಮಲಗಿದವನಿಗೆ ತಾನು ಇಳಿಯಲಿಲ್ಲ ಅನ್ನುವುದಷ್ಟೇ ಗೊತ್ತು. ತನಗಾಗಿ ಒಬ್ಬರು ನಿಂತಿದ್ದರು ಅನ್ನುವುದು ಗೊತ್ತಾಗಲು ಅವನ ತಲೆ ನೆರೆಯಬೇಕಾಯಿತು.

ನಾನು ಬಾಗಿಲ ಕಡೆ ತಿರುಗಿ ನಿಂತೆ. ಇವರು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಕಿವಿಗೆ ಹಿಡಿದರು, ಥೇಟು ಕಾಯಿ ಹಿಡಿದ ಹಾಗೆ. ಹಾಡು ಮುಗಿಯಿತು. ಸೋಮು ಬೆಲ್ಟಿನ ಖಾಲಿ ಕವರನ್ನು ಮಡಿಸುತ್ತಿದ್ದ, ಬಿಚ್ಚುತ್ತಿದ್ದ, ಮಡಿಸುತ್ತಿದ್ದ.

"ಇನ್ನೊಂದ್ ಸಲ ಹಾಕು," ಅಂದರು ಇವರು.

ಉಳಿದ ಯಾವ ಆಲ್ಬಮ್ಮಿಗೂ ಅವರ ಬಾಯಿಂದ ಈ ಮಾತು ಬಂದಿರಲಿಲ್ಲ. ಸೋಮು ನನ್ನ ಮುಖ ನೋಡಿದ. ನಾನು ಒಳಗೆ ಹೋಗಿ ಕಾಫಿಗಿಟ್ಟೆ. ಹಾಲು ಉಕ್ಕಿ ಒಲೆಯೆಲ್ಲ ಆಯಿತು, ಇರಲಿ ಬಿಡಿ.

ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ನಾನು ಸಂಸಾರ ಮಾಡುತ್ತಿರುವುದು ಇವರ ಜೊತೆ. ಆರನೆಯದು ಇನ್ನೂ ಹೊರಗೆ ಬಂದಿಲ್ಲ, ಆಗಲೇ ಕಡೂರಿನ ಸಂತೆಯಲ್ಲಿ, ಮಂಡಿಯಲ್ಲಿ, ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ: ನಮ್ಮ ಸೋಮುಂದು ಇದು ಎಲ್ಲಕ್ಕಿಂತ ಮೇಲು, ಇದಾದ ಮೇಲೆ ಇಂಥದ್ದು ಬರೆಯೋಕಾಗಲ್ಲ, ಮುಂದಿನದು ಇದರ ಹಂಗಿರಲ್ಲ ಬಿಡಿ. ಮುಂದಿನದನ್ನು ಅವನು ಬರೆದೇ ಇಲ್ಲ ರೀ ಅಂತ ಹೇಳಿದರೆ, ಬರೆದರೆ ಗೊತ್ತಾಗುತ್ತೆ ನೋಡು ಅನ್ನುತ್ತಾರೆ. ಆ ದಿನ ಹೊರಡುವಾಗ ಸೋಮು ಹೊಸ ಬೆಲ್ಟನ್ನೇ ಮತ್ತೆ ಹಾಕಿಹೋದ, ಟ್ಯೂಬಿನ ಪಟ್ಟಿಯನ್ನು ಇವರು ತಂದು ಅಡುಗೆಮನೆಯ ಮೊಳೆಗೆ ನೇತುಹಾಕಿದರು. ಈ ಪಟ್ಟಿ ಯಾಕೆ ರೀ, ಎಸೆಯಲಾ ಅಂದರೆ, ಇರಲಿ, ಬೇಕಾಗುತ್ತೆ ಅನ್ನುತ್ತಾರೆ. ಮೊಬೈಲಿನ ಹಾಡಿಗೆ ಸೈಕಲ್ ಟ್ಯೂಬನ್ನು ಎಲ್ಲಿ ಹಾಕುತ್ತಾರೋ, ಕೇಳುವ ಶಕ್ತಿ ನನಗಿಲ್ಲ.

ನಿನ್ನೆ ಸೋಮು ಫೋನ್ ಮಾಡಿದ್ದ. ಇಮ್ತಿಯಾಜನ ಮಗಳಿಗೆ ಬೇರೆ ಗಿಟಾರ್ ಕೊಡಿಸಿದರಂತೆ. ಮುಂದಿನದರ ಬಗ್ಗೆ ಭಾವ ಈಗಲೇ ಏನು ಹೇಳಿಕೊಂಡು ತಿರುಗುತ್ತಿದ್ದಾರೆ ಅನ್ನುವುದು ಅಜ್ಜಂಪುರದವರೆಗೂ ಮುಟ್ಟಿದೆ. ಕೇಳಿ ಬೇಜಾರಾಯಿತೇನೋ ಅಂದೆ. ಇಲ್ಲ ಅಕ್ಕ ಅಂದ. ಆಮೇಲೆ ಫೋನಿನ ಆ ಕಡೆ ಗಿಟಾರಿನ ತಂತಿಯೊಂದು ಸಣ್ಣಗೆ ಸದ್ದು ಮಾಡಿತು, ಸಾಲು ತಲೆಯಲ್ಲಿ ಇರುವಾಗ ಅವನು ಕೈ ಸುಮ್ಮನಿಡುವುದಿಲ್ಲ. ಏಳನೆಯದು ಹೇಗೇ ಇರಲಿ, ಇವರು ಏನನ್ನುತ್ತಾರೆ ಅಂತ ನನಗೆ ಗೊತ್ತು. ಅವನಿಗೂ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದಾನೆ.